ರೋಜಾ ಹಕಾರ ಗೆದ್ದದ್ದು

ತಮಿಳುನಾಡಿನ ಪಾಲಕೋಡಿನ ಸುತ್ತ ಕನ್ನಡ ಮಾತಾಡುವ ಮೂವತ್ತಾರು ಹಳ್ಳಿಗಳಲ್ಲಿ ರೋಜಾಳಷ್ಟು ಹಟಮಾರಿ ಹೆಣ್ಣು ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ತೊಟ್ಟಿಲಲ್ಲಿ ಅವಳು ಹಟ ಹಿಡಿದು ಅತ್ತರೆ ಸಕ್ಕರೆ ಮಿಲ್ಲಿನವರು ಸೈರನ್ ಕೂಗಿತೆಂದು ಕೆಲಸ ಬಿಟ್ಟು ಮನೆಗೆ ಹೋಗುತ್ತಿದ್ದರಂತೆ. ಇಂಥ ರೋಜಾ ೧೯೯೪ರ ಜೂನ್ ತಿಂಗಳಲ್ಲಿ ಇಂಗ್ಲಿಷ್ ಬಿ.ಎ. ಸರ್ಟಿಫಿಕೇಟ್ ಹಿಡಿದು ಹೊಸ ಇಂಗ್ಲಿಷ್ ಮೀಡಿಯಂ ಶಾಲೆಗೆ ಟೀಚರ್ ಕೆಲಸ ಕೇಳಲು ಹೋದವಳು ಒಂದೇ ಒಂದು ಅಕ್ಷರಕ್ಕೆ ಸೋತು ಬಂದಳು.

ಶಾಲೆಯ ಮಾಲೀಕ ತಿಮ್ಮರಾಜು. ಊರಿಗೆಲ್ಲ ‘ಕರೆಸ್ಪಾಂಡೆಂಟ್ ಸಾರ್’. ಟೈ ಕಟ್ಟಿಕೊಂಡೇ ಹುಟ್ಟಿದವರಂತೆ ಕೂರುತ್ತಿದ್ದ ಅವರ ಬಾಯಲ್ಲಿ ಇಂಗ್ಲಿಷ್ ಬಿಟ್ಟರೆ ತಮಿಳು, ತಮಿಳು ಬಿಟ್ಟರೆ ಇಂಗ್ಲಿಷ್. ಆರನೇ ಕ್ಲಾಸಿನ ಪುಸ್ತಕ ಕೊಟ್ಟು ಓದಿಸಿದರು. ಯಾವುದೋ ಸಮುದ್ರದ ಬಿರುಗಾಳಿಯ ಪಾಠ. ಬಿರುಗಾಳಿಯ ಇಂಗ್ಲಿಷ್ ಪದ ಬಂದಾಗ ರೋಜಾ, ಮನೆಯ ಲಾಟೀನಿಗೆ ಅನ್ನುವಂತೆಯೇ, ‘ಅರಿಕೇನ್’ ಅಂದಳು.

“ಎನ್ನಮ್ಮಾ, ಎಚ್ ಎಂಗೇ ಪೋಚ್ಚು?” ಎಂದರು. ಎಚ್ ಎಲ್ಲಿ ಹೋಯಿತು ಅಂತ. “ಹರಿಕೇನ್! ಒಂದು ವಾರ ಟೈಮ್. ಅಷ್ಟರಲ್ಲಿ ನಾಲಿಗೆ ತಿರುಗದಿದ್ದರೆ ಸೇಲಂ ಕಾನ್ವೆಂಟಿನ ಹುಡುಗಿ ಕಾಯ್ತಿದ್ದಾಳೆ.” ಇದೂ ತಮಿಳಿನಲ್ಲೇ.

ಬಸ್ಸು ಹೋಗುವಷ್ಟು ದೂರದಲ್ಲಿ ಇಂಗ್ಲಿಷ್ ಓದಿದವಳಿಗೆ ಬೇರೆ ಕೆಲಸವಿರಲಿಲ್ಲ. ಅದು ತಪ್ಪಿದರೆ ಮೂರು ವರ್ಷ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿ ಓದಿದ್ದೆಲ್ಲ ಮಣ್ಣುಪಾಲು.

“ಕೊಟ್ಟೇ ಕೊಡ್ತಾನೆ ಕೆಲ್ಸ, ನೋಡ್ತಿರವ್ವಾ,” ಎಂದಳು ಅಜ್ಜಿ ಸಪ್ಪಲಮ್ಮನಿಗೆ.

ಮಧ್ಯಾಹ್ನದಲ್ಲೂ ಕತ್ತಲಿರುವ ದನದ ಕೊಟ್ಟಿಗೆಯಲ್ಲಿ ಲಾಟೀನು ಹಚ್ಚಿ, ಗಾಜು ತೆಗೆದು ಎದುರು ಕೂತಳು. ‘ಅ’ ಅಂದರೆ ದೀಪ ಮಿಸುಕುವುದಿಲ್ಲ, ‘ಹ’ ಅಂದರೆ ಬಾಗಬೇಕು. ಲೆಕ್ಕ ಅಷ್ಟೇ. ಮೊದಲ ದಿನ ದೀಪ ಕಲ್ಲಿನಂತೆ ನಿಂತಿತು. ಮೂರನೇ ದಿನ ಬಾಗಿತು. ಐದನೇ ದಿನದ ‘ಹ’ಕ್ಕೆ ಪಕ್ಕದ ಮನೆಯ ಒಲೆಯೂ ಆರಿಹೋಯಿತು, ಅಂಗಡಿಯಲ್ಲಿ ಬೆಂಕಿಪೊಟ್ಟಣ ಮುಗಿದು ಶಿವಕಾಶಿಗೆ ತಂತಿ ಹೊಡೆಯಬೇಕಾಯಿತು.

“ಹವ್ವಾ, ಹನ್ನ ಹಿಕ್ಕು,” ಅಂದಳು ಆ ರಾತ್ರಿ ಊಟಕ್ಕೆ ಕೂತು.

“ಅಯ್ಯೋ, ಮಗೀಗೆ ಬಿಕ್ಳಿಕೆ ಇಡ್ಕೊಂಡೈತೆ! ನೀರ್ ಕುಡಿಯೇ ಲೇ!” ಎಂದು ಸಪ್ಪಲಮ್ಮ ಬೆನ್ನು ಗುದ್ದಿದಳು.

ಆರನೇ ದಿನ ಧರ್ಮಪುರಿಯ ಲೈಬ್ರರಿಗೆ ಹೋಗಿ, ನಾಲ್ಕಾಳು ಹೊರಬೇಕಾದಂಥ ಡಿಕ್ಷನರಿಯನ್ನು ಒಬ್ಬಳೇ ಇಳಿಸಿಕೊಂಡಳು. ಬ್ರಿಟಿಷರ ಉಚ್ಚಾರಣೆ ‘ಹರಿಕನ್’, ಕೊನೆಗೆ ಎಳೆತವಿಲ್ಲ. ಪದದ ಬೇರು ಇಂಗ್ಲಿಷಿನದೂ ಅಲ್ಲ. ಕೆರಿಬಿಯನ್ ದ್ವೀಪದವರ ಬಾಯಿಂದ ಸ್ಪೇನಿನವರು ಎತ್ತಿಕೊಂಡದ್ದು, ಅವರಿಂದ ಇಂಗ್ಲಿಷಿನವರು. ಅದೇ ಕಪಾಟಿನಲ್ಲಿ ಒಂದು ಸ್ಪ್ಯಾನಿಷ್ ಪಾಠದ ಪುಸ್ತಕವೂ ಸಿಕ್ಕಿತು. ಅದು ಧರ್ಮಪುರಿಗೆ ಹೇಗೆ ಬಂತೋ ಲೈಬ್ರರಿಯ ರಾಜಗೋಪಾಲ್‌ಗೂ ಗೊತ್ತಿರಲಿಲ್ಲ. ಮುಚ್ಚುವ ಗಂಟೆ ಹೊಡೆದರೂ ರೋಜಾ ಏಳಲಿಲ್ಲ.

ಏಳನೇ ದಿನ ತಿಮ್ಮರಾಜು ಮುಂದೆ ನಿಂತು, ಮೇಜಿನ ಮೇಲಿದ್ದ ಕಾಗದಗಳೆಲ್ಲ ಹಾರುವಂತೆ ಅಂದಳು: “ಹರಿಕನ್.”

“ತಪ್ಪು. ಹರಿಕೇನ್.”

“ನಿಮ್ಮ ಡಿಕ್ಷನರಿ ತೆಗೀರಿ ಸಾರ್.”

ಅದು ಗಾಜಿನ ಬೀರುವಿನಲ್ಲಿತ್ತು. ಬೀರುವಿಗೆ ಬೀಗ. ಶಾಲೆ ತೆರೆದಂದಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಬೀಗದ ಕೈ ಅದಿಯಮಾನ್‌ಕೋಟೆಯ ಮನೆಯಲ್ಲಿದೆ ಅಂದರು.

“ಕಾಯ್ತೀನಿ,” ಎಂದು ರೋಜಾ ಬೆಂಚಿನ ಮೇಲೆ ಕೂತಳು.

ಎಂಥ ಕೂರುವುದು! ಆ ಬೆಂಚಿನಲ್ಲಿ ಇವತ್ತಿಗೂ ಗುಳಿ ಇದೆ. ಸೇಲಂ ಕಾನ್ವೆಂಟಿನ ಹುಡುಗಿ ಬಂದಳು, ಇವಳ ಮುಖ ನೋಡಿದಳು, ನೀರು ಕುಡಿದು ಹೊರಟುಹೋದಳು. ಮೂರನೇ ಗಂಟೆಗೆ ತಿಮ್ಮರಾಜು ಸೋತು ಸ್ಕೂಟರ್ ಕಳಿಸಿ ಬೀಗದ ಕೈ ತರಿಸಿದರು.

ಅಂಟಿಕೊಂಡಿದ್ದ ಹಾಳೆ ಬಿಡಿಸಿ, ಬೆರಳಿಟ್ಟು ಓದಿದರು.

“ಎರಡೂ ಐತಲ್ಲ ಸಾರ್,” ಎಂದಳು ರೋಜಾ. “ನಂದು ಬ್ರಿಟಿಷರದು, ನಿಮ್ದು ಅಮೆರಿಕದವರದು. ಎರಡೂ ಸರಿ.”

“ಇಲ್ಲಿ ಸ್ಪ್ಯಾನಿಷ್ ಅಂತಿದೆ,” ಎಂದರು ಅವರು, ಇನ್ನೂ ಇಂಗ್ಲಿಷಿನಲ್ಲೇ.

“ಅವರು ಎಚ್ ಬರೀತಾರೆ, ಬಾಯಲ್ಲಿ ಬಿಟ್ಟುಬಿಡ್ತಾರೆ ಸಾರ್. ಉರಕಾನ್ ಅಂತಾರೆ.”

“ಅಂಗಾದ್ರೆ ನಮ್ಮಂಗೇ ಅನ್ನು!” ಎಂದುಬಿಟ್ಟರು ತಿಮ್ಮರಾಜು.

ಅಚ್ಚ ಕನ್ನಡ, ಅದೂ ‘ಹ’ ನುಂಗಿದ ಹಳ್ಳಿಯ ಕನ್ನಡ! ಹತ್ತು ವರ್ಷ ಟೈಯ ಗಂಟಿನ ಕೆಳಗೆ ಅದುಮಿಟ್ಟಿದ್ದು ಹಾರಿಬಂದಿತ್ತು. ಕಿಟಕಿಯಾಚೆ ಕ್ಲರ್ಕ್ ಕಲೈಸೆಲ್ವಿಯ ಟೈಪ್‌ರೈಟರ್ ನಿಂತಿತು. ಸಾರ್ ಮುಖ ಪಾಲಕೋಡಿನ ಟೊಮೆಟೊ ಮಂಡಿಯಷ್ಟು ಕೆಂಪಾಯಿತು.

ರೋಜಾಗೆ ನಗು ಗಂಟಲವರೆಗೆ ಬಂತು. ನಗಲಿಲ್ಲ. ಅವಳು ಮಾಡಿದ ಸಾಹಸಗಳಲ್ಲಿ ಅದೇ ದೊಡ್ಡದು.

“ನಮ್ಮ ಮೇಷ್ಟ್ರು ಒಂದು ‘ಹ’ಕ್ಕೆ ಒಂದು ಏಟು ಒಡೀತಿದ್ರು,” ಎಂದರು ಅವರು, ಮೆಲ್ಲಗೆ.

“ನಾನು ಹೊಡೆಯಲ್ಲ ಸಾರ್. ಕಲಿಸ್ತೀನಿ.”

ತಿಮ್ಮರಾಜು ಡಿಕ್ಷನರಿ ಮುಚ್ಚಿ, ಟೈ ಸರಿಮಾಡಿಕೊಂಡು, ಮತ್ತೆ ಇಂಗ್ಲಿಷಿಗೆ ಏರಿದರು. ಆರ್ಡರ್ ಪೋಸ್ಟಿನಲ್ಲಿ ಬರುತ್ತದೆ, ಹೋಗಬಹುದು.

“ಪೋಸ್ಟ್ ಯಾಕೆ ಸಾರ್? ಈಗ್ಲೇ ಬರ್ಕೊಡಿ,” ಎಂದಳು ರೋಜಾ. “ನನ್ ಬಸ್ಸಿಗಿನ್ನೂ ಟೈಮ್ ಐತೆ.”

ಅವರು ಬೆಂಚನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ತೆಗೆದರು.