ಒಗ್ಗರಣೆಗೆ ಕೂಗುವ ಡಬ್ಬಿ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ನಮ್ಮ ಹೆಂಗಸರ ಕೈಗೆ ಬಿಡುವೆಲ್ಲಿ? ಸಿಂಗಪುರದ ಈ ಗಾಳಿಯಲ್ಲಿ ಹಿತ್ತಾಳೆ ದೀಪ ಬೇಗನೆ ಕಪ್ಪಾಗುತ್ತದೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಬೇಕು. ಮನೆ ಒರೆಸಬೇಕು, ಬಾತ್‌ರೂಮ್ ತೊಳೆಯಬೇಕು. ಎಲ್ಲವೂ ಒಂದೇ ಬೆಳಿಗ್ಗೆ ಮುಗಿಯಬೇಕು! ಅಂಥದೊಂದು ಬೆಳಿಗ್ಗೆ ಯಿಶುನ್ ಬಡಾವಣೆಯ ನಮ್ಮ ಬ್ಲಾಕ್‌ನಲ್ಲಿ ಏನಾಯಿತೆಂದು ಹೇಳುತ್ತೇನೆ. ಕಾಫಿ ಆರಿದರೂ ಪರವಾಗಿಲ್ಲ, ಮೊದಲು ಇದನ್ನು ಕೇಳಿ.

ನಾನು ಪದ್ಮಜಾ. ನನ್ನ ಮಗಳು ವಿಭಾ ಇಲ್ಲೇ ಹುಟ್ಟಿ ಬೆಳೆದವಳು, ಒಂದು ಲ್ಯಾಬ್‌ನಲ್ಲಿ ಸಂಶೋಧಕಿ. ಗಾಳಿಯಲ್ಲಿ ವಿಷಾನಿಲ ಸೇರಿದ ಕೂಡಲೇ ಕೂಗಿ ಎಚ್ಚರಿಸುವ ಒಂದು ಡಬ್ಬಿಯನ್ನು ಅವಳ ತಂಡ ತಯಾರಿಸಿದೆ. ಅದಕ್ಕೆ ಹಣ ಕೊಟ್ಟದ್ದು ಸರ್ಕಾರದ ಸಂಶೋಧನಾ ಅನುದಾನ. ಹೆತ್ತವಳೆಂದು ಹೊಗಳುತ್ತಿಲ್ಲ. ಹೊಗಳಿದರೂ ತಪ್ಪೇನು?

ಆದರೆ ಆ ಡಬ್ಬಿ ಲ್ಯಾಬ್‌ನಲ್ಲಿ ಜಾಣ, ಅಡುಗೆಮನೆಯಲ್ಲಿ ಪೆದ್ದು. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಸಾಕು, ವಿಷ ವಿಷ ಎಂದು ಅರಚುತ್ತಿತ್ತು. ಅದಕ್ಕೆ ಬುದ್ಧಿ ಬರಬೇಕಾದರೆ ನಿಜವಾದ ಮನೆಗಳಲ್ಲಿ ಕೆಲವು ದಿನ ಇರಬೇಕು. ನಮ್ಮ ಮಹಡಿಯ ಮನೆಗಳು ಒಪ್ಪಿ ಇಟ್ಟುಕೊಂಡವು. ಈ ಮನೆಗಳು ಡಬ್ಬಿಯನ್ನು ಹಿಂದಿರುಗಿಸಿದರೆ ಪ್ರಯೋಗ ನಿಲ್ಲುತ್ತದೆ, ಪ್ರಯೋಗ ನಿಂತರೆ ಮುಂದಿನ ಅನುದಾನವಿಲ್ಲ, ಮಗಳು ಹಗಲಿರುಳು ದುಡಿದದ್ದೆಲ್ಲ ಅಲ್ಲಿಗೇ ಮುಗಿಯುತ್ತದೆ.

ಪಕ್ಕದ ಮನೆ ಬದರೀನಾಥ ಮತ್ತು ಅವರ ಹೆಂಡತಿ ಶಾಮಲಾ ಅವರದು. ಬದರೀನಾಥ ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನದ ಇಂಜಿನ್ ರಿಪೇರಿ ಮಾಡಿಸಿ ನಿವೃತ್ತರಾದವರು. ಶಾಮಲಾಗೆ ಮೊದಲಿಂದಲೂ ಉಬ್ಬಸ. ನಮ್ಮ ಮಹಡಿಯವರು ಏನೇ ಮಾಡುವುದಿದ್ದರೂ ಬದರೀನಾಥರ ಮುಖ ನೋಡಿಯೇ ಮಾಡುವುದು. ಅವರೇ ಒಂದು ದಿನ ಡಬ್ಬಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು!

"ತಗೋಮ್ಮಾ ವಿಭಾ, ನಿನ್ ಡಬ್ಬಿ. ನಿನ್ನೆ ಪುಳಿಯೋಗರೆ ಗೊಜ್ಜಿಗೆ ಕೂಗ್ತು, ಇವತ್ತು ಸಾರಿಗೆ ಕೂಗ್ತು. ನನ್ ಹೆಂಡ್ತಿ ಅಡುಗೆ ವಿಷಾನಾ?"

ಅವರ ಮನೆಯೊಳಗಿನಿಂದ ಶಾಮಲಾ ಕೂಗಿ ಹೇಳಿದಳು, "ವಿಷ ಆಗಿದ್ರೆ ಇಷ್ಟು ವರ್ಷ ತಿಂದು ಹೀಗೆ ಗುಂಡುಕಲ್ಲಿನ ಥರ ಇರ್ತಿದ್ರಾ?"

"ನೀನು ಸುಮ್ನಿರೇ. ವಿಭಾ, ನಮ್ ಟ್ಯಾಕ್ಸ್ ದುಡ್ಡನ್ನ ಇಂಥದಕ್ಕೆಲ್ಲ ಯಾಕಮ್ಮಾ ವೇಸ್ಟ್ ಮಾಡ್ತಾರೆ? ಇಷ್ಟು ಸೇಫ್ ಆಗಿರೋ ಊರು. ಇಲ್ಲಿ ಯಾರಪ್ಪಾ ವಿಷದ ಗ್ಯಾಸ್ ಬಿಡ್ತಾರೆ?"

ವಿಭಾ ನಗುತ್ತಲೇ ಕೇಳಿದಳು, "ಅಂಕಲ್, ನೀವು ನೋಡಿದ ಇಂಜಿನ್‌ಗಳಲ್ಲಿ ಫೈರ್ ಸೆನ್ಸರ್ ಇರ್ತಿತ್ತಲ್ಲ, ಅದು ದಿನಾ ಕೂಗ್ತಿತ್ತಾ?"

"ಛೇ, ದಿನಾ ಯಾಕೆ ಕೂಗತ್ತೆ? ಎಷ್ಟೋ ವಿಮಾನದಲ್ಲಿ ಒಂದು ಸಲಾನೂ ಕೂಗಿಲ್ಲ."

"ಹಾಗಾದ್ರೆ ಕಿತ್ತು ಬಿಸಾಕಬಹುದಿತ್ತಲ್ವಾ?"

"ಅಯ್ಯೋ! ಅದಿಲ್ದೆ ವಿಮಾನ ಹಾರೋಕೆ ಬಿಡ್ತೀನಾ ನಾನು?"

"ಇದೂ ಹಾಗೇ, ಅಂಕಲ್. ಕಾಕಿ ಬುಕಿತ್ ಕಡೆ ಯಾವುದೋ ಗೋಡೌನ್‌ನಲ್ಲಿ ಒಂದು ಕೆಮಿಕಲ್ ಡ್ರಮ್ ಲೀಕ್ ಆಗಬಹುದು. ಯಾರೋ ಕೆಟ್ಟೋನು ಎಂಆರ್‌ಟಿ ರೈಲು ಸ್ಟೇಷನ್‌ನಲ್ಲಿ ಏನೋ ಚೆಲ್ಲಬಹುದು. ಅಪರೂಪಕ್ಕೆ ಬರೋ ಅಪಾಯ ಇದು, ಲಾಭ ಇಲ್ಲ ಅಂತ ಕಂಪನಿಗಳು ಕೈ ಹಾಕಲ್ಲ. ಅದಕ್ಕೇ ಗವರ್ನಮೆಂಟ್ ಫಂಡ್ ಮಾಡ್ಬೇಕು. ಪತ್ತೆ ಹಚ್ಚೋದು ನಮ್ ಟೀಮ್. ಮೈಮೇಲೆ ಬಿದ್ದ ವಿಷ ತೊಳೆಯೋದು ಹೇಗೆ, ಔಷಧಿ ಏನು ಅಂತ ನೋಡೋದಕ್ಕೆ ಬೇರೆ ಟೀಮ್‌ಗಳಿವೆ."

ನನಗೆ ತಡೆಯಲಾಗಲಿಲ್ಲ. "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕಾಗತ್ತಾ, ನೀವೇ ಹೇಳಿ!" ಎಂದುಬಿಟ್ಟೆ.

ಬದರೀನಾಥ ಗಂಟಲು ಸರಿಮಾಡಿಕೊಂಡರು. "ಸರಿ, ಹಬ್ಬದವರೆಗೆ ಇರ್ಲಿ. ಹಬ್ಬದ ದಿನ ವಾಪಸ್. ಬೇರೆಯವರಿಗೂ ಅದನ್ನೇ ಹೇಳ್ತೀನಿ."

"ಥ್ಯಾಂಕ್ಸ್ ಅಂಕಲ್! ಒಂದೇ ಒಂದು ಕೆಲಸ ಮಾಡಿ. ಅದು ಕೂಗಿದಾಗೆಲ್ಲ ಒಲೆ ಮೇಲೆ ಏನಿತ್ತು ಅಂತ ನಂಗೊಂದು ವಾಯ್ಸ್ ಮೆಸೇಜ್ ಕಳ್ಸಿ."

"ಬೈಗುಳ ಬರತ್ತೆ ಬಾಯಲ್ಲಿ."

"ಬೈದೇ ಕಳ್ಸಿ!"

ಬೈದೇ ಕಳಿಸಿದರು ಮಹಾರಾಯರು. "ಇವತ್ತು ಹುಳಿಗೆ ಇಂಗಿನ ಒಗ್ಗರಣೆ. ನಿನ್ ಡಬ್ಬಿ ಇಂಗು ತಿಂದ ಮಂಗನ ಥರ ಆಡ್ತಿದೆ." ಮರುದಿನ, "ಚಟ್ನಿಪುಡಿಗೆ ಮೆಣಸಿನಕಾಯಿ ಹುರಿದ್ರೆ ಇದಕ್ಕೇನು ಸಂಕಟ?" ಆಮೇಲೆ ಸಾಸಿವೆ, ಆಮೇಲೆ ಸುಟ್ಟ ಬದನೆಕಾಯಿ. ಮಗಳು ಒಂದೊಂದನ್ನೂ ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಡಬ್ಬಿಗೆ ಅದನ್ನೇ ಕಲಿಸುತ್ತಿದ್ದಳು. ಇದು ಇಂಗು, ಹೆದರಬೇಡ. ಇದು ಮೆಣಸಿನ ಘಾಟು, ಸುಮ್ಮನಿರು.

ದಿನ ಕಳೆದಂತೆ ಡಬ್ಬಿಯ ಕೂಗು ನಿಂತಿತು. ಒಗ್ಗರಣೆ ಚಟಪಟ ಎಂದರೆ ಹಳದಿ ದೀಪ ಮಿನುಗಿ ಸುಮ್ಮನಾಗುತ್ತಿತ್ತು. ಬದರೀನಾಥ ಮಾತ್ರ ಎಲ್ಲರಿಗೂ ಹೇಳಿಕೊಂಡು ಬಂದರು, "ಕೆಟ್ಟೋಗಿದೆ ರೀ ಅದು. ಎಲ್ಲರೂ ಪ್ಯಾಕ್ ಮಾಡಿ ಇಡಿ, ಒಟ್ಟಿಗೇ ಕೊಟ್ಟುಬಿಡೋಣ." ಮಗಳ ಮುಖ ಬಾಡಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವರ ಮನೆಗೆ ಕೋಸಂಬರಿ ಕೊಡುವುದನ್ನೇ ಒಂದು ದಿನ ಬಿಟ್ಟೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಜೋರು ಮಳೆ. ಎರಚಲು ಬರುತ್ತದೆಂದು ಎಲ್ಲರೂ ಕಿಟಕಿ ಮುಚ್ಚಿದ್ದರು. ವೀಳ್ಯದೆಲೆ ಕೊಡಲು ನಾನು ಶಾಮಲಾ ಮನೆಗೆ ಹೋದೆ. ಬದರೀನಾಥ ಡಬ್ಬಿಯ ಪ್ಲಗ್ ಕೀಳಲು ಬಗ್ಗಿದ್ದರು. ಅಷ್ಟರಲ್ಲಿ ಅದು ಕಿಟಾರನೆ ಕಿರುಚಿತು ನೋಡಿ, ನನ್ನ ಕೈಯ ಎಲೆಯೆಲ್ಲ ನೆಲದ ಪಾಲು!

"ಕೊನೇ ದಿನಾನೂ ಬಿಡಲ್ವಲ್ಲ ಇದು! ಶಾಮಲಾ, ಏನೇ ಒಗ್ಗರಣೆ?"

ಬದರೀನಾಥ ಅಡುಗೆಮನೆ ಕಡೆ ತಿರುಗಿ ನೋಡಿದರು. ಒಲೆ ಆರಿತ್ತು. ಡಬ್ಬಿಯಲ್ಲಿ ಹಳದಿಯಲ್ಲ, ಕೆಂಪು ದೀಪ ಉರಿಯುತ್ತಿತ್ತು. ಮುಚ್ಚಿದ ಬಾತ್‌ರೂಮ್‌ನಿಂದ ಕೆಮ್ಮು ಕೇಳಿಸಿತು. ಆಗಲೇ ನನ್ನ ಫೋನ್ ಹೊಡೆದುಕೊಂಡಿತು. ಲ್ಯಾಬ್‌ನಲ್ಲಿದ್ದ ವಿಭಾಗೆ ಡಬ್ಬಿಯ ಎಚ್ಚರಿಕೆ ತಲುಪಿತ್ತು.

"ಅಮ್ಮಾ, ಶಾಮಲಾ ಆಂಟಿ ಮನೇಲಿ ಕ್ಲೋರಿನ್ ಗ್ಯಾಸ್! ಎಲ್ಲರೂ ಹೊರಗೆ ಬನ್ನಿ, ಈಗ್ಲೇ!"

ಬದರೀನಾಥ ಉಸಿರು ಬಿಗಿಹಿಡಿದು ಬಾತ್‌ರೂಮ್ ಬಾಗಿಲು ತೆರೆದರು, ಶಾಮಲಾಳ ರಟ್ಟೆ ಹಿಡಿದು ಕಾರಿಡಾರ್‌ಗೆ ಎಳೆತಂದರು. ಪಾಪ, ಅವಳ ಎದೆ ಸಿಳ್ಳೆ ಹಾಕುತ್ತಿತ್ತು, ಕಣ್ಣಲ್ಲಿ ಧಾರಾಕಾರ ನೀರು. ಅಷ್ಟಾದರೂ "ದೀಪ... ದೀಪ ಒಳಗಿದೆ" ಎಂದು ಬಡಬಡಿಸುತ್ತಿದ್ದಳು.

"ದೀಪ ಹಾಳಾಗಿ ಹೋಗ್ಲಿ! ಯಾರೂ ಒಳಗೆ ಕಾಲಿಡಬೇಡಿ" ಎಂದು ನಾನು ಕಿರುಚಿ, ತುರ್ತು ಸೇವೆಯ 995ಕ್ಕೆ ಫೋನ್ ಮಾಡಿದೆ.

ರಕ್ಷಣಾ ಸಿಬ್ಬಂದಿ ಬಂದು ಮನೆಗೆ ಗಾಳಿಯಾಡಿಸಿದರು. ಶಾಮಲಾಗೆ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಉಬ್ಬಸವಿದ್ದವಳು ಆ ಮುಚ್ಚಿದ ಕೋಣೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇದ್ದಿದ್ದರೆ ಬಹಳ ಕಷ್ಟವಾಗುತ್ತಿತ್ತು ಎಂದರು ಡಾಕ್ಟರ್. ಸಂಜೆ ಅವಳು ಮನೆಗೆ ಬಂದಾಗ ನಾನು ತಬ್ಬಿಕೊಂಡು ಅತ್ತೇಬಿಟ್ಟೆ.

ಆಗಿದ್ದಿಷ್ಟೇ. ಟಬ್ಬಿನಲ್ಲಿ ಹುಣಸೆಹುಳಿ ಕಲಸಿ, ಅದರಲ್ಲಿ ದೀಪ ನೆನೆಹಾಕಿದ್ದಳು. ಕಪ್ಪು ಹೋಗಲಿಲ್ಲವೆಂದು ಬಾತ್‌ರೂಮ್ ತೊಳೆಯುವ ಬ್ಲೀಚನ್ನೂ ಅದಕ್ಕೇ ಸುರಿದಿದ್ದಳು.

"ಎರಡೂ ಕೊಳೆ ತೆಗೆಯತ್ತೆ, ಸೇರಿದ್ರೆ ಇನ್ನೂ ಪಳಪಳ ಅನ್ನತ್ತೆ ಅಂದ್ಕೊಂಡೆ ಕಣೇ" ಎಂದಳು ಶಾಮಲಾ. "ನಮ್ಮಮ್ಮನೂ ಹುಣಸೆಹಣ್ಣಲ್ಲೇ ತಿಕ್ತಿದ್ರು."

"ನಿಮ್ಮಮ್ಮನ ಹತ್ರ ಬ್ಲೀಚ್ ಇರ್ಲಿಲ್ಲ ಆಂಟಿ" ಎಂದಳು ವಿಭಾ. "ಹುಳಿ ಇರೋ ಯಾವುದೇ ಆಗ್ಲಿ, ಹುಣಸೆ, ನಿಂಬೆ, ವಿನೆಗರ್, ಬಾತ್‌ರೂಮ್ ಆಸಿಡ್, ಬ್ಲೀಚ್ ಜೊತೆ ಸೇರಿದ್ರೆ ವಿಷದ ಗ್ಯಾಸ್ ಬರತ್ತೆ."

ಬದರೀನಾಥ ಇಷ್ಟು ಹೊತ್ತು ಡಬ್ಬಿಯನ್ನೇ ನೋಡುತ್ತ ಕೂತಿದ್ದರು. "ಅಲ್ಲಮ್ಮಾ, ಅದು ಕೆಟ್ಟೋಗಿದೆ ಅಂದ್ಕೊಂಡಿದ್ದೆ. ಇಷ್ಟು ದಿನ ಒಗ್ಗರಣೆಗೆ ಯಾಕೆ ಸುಮ್ನಿತ್ತು?"

"ನೀವೇ ಕಲಿಸಿದ್ರಲ್ಲ ಅಂಕಲ್! ನಿಮ್ಮ ಒಂದೊಂದು ಬೈಗುಳಾನೂ ಅದಕ್ಕೆ ಪಾಠ. ಒಗ್ಗರಣೆ ಯಾವುದು ಅಂತ ಗೊತ್ತಾಗಿದ್ದಕ್ಕೇ ಇವತ್ತು ಇದು ಒಗ್ಗರಣೆ ಅಲ್ಲ ಅಂತ ಅದಕ್ಕೆ ಗೊತ್ತಾಯ್ತು."

ಆ ದೊಡ್ಡ ಮನುಷ್ಯನ ಕಣ್ಣು ತುಂಬಿ ಬಂತು. ಎದ್ದು ಪ್ಲಗ್ಗನ್ನು ಗಟ್ಟಿಯಾಗಿ ಒತ್ತಿದರು.

ಹಬ್ಬದ ದಿನ ಶಾಮಲಾ ಡಬ್ಬಿಗೂ ಅರಿಶಿನ ಕುಂಕುಮ ಹಚ್ಚಲು ಹೋದಳು. "ಸೆನ್ಸರ್ ಮೇಲೆ ಬೇಡ ಆಂಟಿ!" ಎಂದು ವಿಭಾ ಓಡಿ ಬಂದಳು. ನಮ್ಮ ಮಹಡಿಯಲ್ಲಿ ಒಬ್ಬರೂ ಡಬ್ಬಿ ಹಿಂದಿರುಗಿಸಲಿಲ್ಲ. ಅನುದಾನ ಮುಂದುವರಿಯಿತು! ಈಗ ಬದರೀನಾಥರೇ ಬ್ಲಾಕಿನ ಮನೆಮನೆಗೆ ಹೋಗಿ ಬಾಗಿಲು ತಟ್ಟುತ್ತಾರೆ: "ಒಗ್ಗರಣೆ ಹಾಕ್ತೀರಾ? ಹಾಗಾದ್ರೆ ಇದನ್ನ ಇಟ್ಕೊಳಿ. ಕೂಗಿದ್ರೆ ಬಾಯ್ತುಂಬ ಬೈಯ್ರಿ. ಏನು ಅಡುಗೆ ಅಂತ ಹೇಳೋದು ಮಾತ್ರ ಮರೀಬೇಡಿ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಹಬ್ಬಕ್ಕೆ ಹುಳಿ ಹಾಕಿ ತಿಕ್ಕುವುದಿದ್ದರೆ ಬ್ಲೀಚ್ ಬಾಟಲಿಯನ್ನು ಹತ್ತಿರ ತರಬೇಡಿ. ಕಣ್ಣು ಉರಿದು ಕೆಮ್ಮು ಬಂದರೆ ಪಾತ್ರೆಯ ಆಸೆ ಬಿಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, 995ಕ್ಕೆ ಫೋನ್ ಮಾಡಿ. ಇಂಥ ಸಂಶೋಧನೆಗೆ ದುಡ್ಡು ಯಾಕೆಂದು ಯಾರಾದರೂ ಕೇಳಿದರೆ ನಮ್ಮ ಶಾಮಲಾಳನ್ನು ತೋರಿಸಿ. ನಾಳೆ ಯಾರಾದರೂ ಸಂಶೋಧಕರು ಗುರುತಿನ ಚೀಟಿ ತೋರಿಸಿ ಇಂಥ ಡಬ್ಬಿ ಹಿಡಿದು ನಿಮ್ಮ ಮನೆಗೆ ಬಂದರೆ ಬಾಗಿಲು ಹಾಕಬೇಡಿ. ಒಳಗೆ ಕರೆಯಿರಿ, ಒಲೆ ಹಚ್ಚಿ, ಒಂದು ಒಳ್ಳೆಯ ಒಗ್ಗರಣೆ ಹಾಕಿ ತೋರಿಸಿ!