ಬೆನ್ನ ಹಿಂದಿನ ಕೈ

"ಅಪ್ಪ, ಅದನ್ನ ಕೊಡಿ. ಕೈ ತೊಳೀಬೇಕು," ಎನ್ನುತ್ತ ಹೃಷಿಕೇಶ ತಂದೆಯ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಬಿಡಿಸಿದ ಬೆರಳನ್ನು ಹಯವದನರು ಮತ್ತೆ ಮಡಚಿಕೊಂಡರು. ಮುಷ್ಟಿಯೊಳಗೆ ಒಂದು ತುಂಡು ಸೀಮೆಸುಣ್ಣವಿತ್ತು. ಬೆವರಿಗೆ ನೆನೆದು ಬೆರಳ ಸಂದಿಯೆಲ್ಲ ಬಿಳಿಯಾಗಿತ್ತು.

ಸೋಫಾವನ್ನು ಗೋಡೆಗೆ ಸರಿಸಿ ಮಾಡಿದ ಜಾಗದಲ್ಲಿ ತಾಯಿ ಜಲಜಾರನ್ನು ಮಲಗಿಸಿದ್ದರು. ನಿನ್ನೆ ಬೆಳಿಗ್ಗೆ ಕಾಫಿಗೆ ನೀರಿಟ್ಟು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನೀರು ಕುದಿದು ಬತ್ತಿ ಪಾತ್ರೆ ಸೀದ ವಾಸನೆಗೆ ಎದುರುಮನೆಯವರು ಬಂದು ನೋಡಿದ್ದರು.

"ಬಿಡಪಾ, ಅದು ನಂದ ತಪ್ಪು," ಎಂದರು ಅನಂತರಾಮ. ಹುಬ್ಬಳ್ಳಿಯಿಂದ ಬಂದು ರೈಲ್ವೆಯಲ್ಲಿ ದುಡಿದು ಇಲ್ಲೇ ನಿವೃತ್ತರಾದ ಅವರು ವಡೋದರದ ಕನ್ನಡಿಗರ ಮನೆಯ ಸಾವಿಗೆಲ್ಲ ಮೊದಲು ಬರುವವರು. "ಮುಂಜಾನಿ ರಾಯರ ಮುಂದ ಸುಮ್ನ ಅಂದೆ, ಸ್ಮಶಾನದಾಗ ಅಸ್ಥಿ ಮಡಕಿ ಮ್ಯಾಲೆ ಹೆಸರು ಬರೀಬೇಕಾಗ್ತದ ಅಂತ. ಅವಾಗ ಎದ್ದು ಹೋಗಿ ಆ ಸುಣ್ಣ ಹುಡುಕಿ ತಂದಾರ."

"ಬರೆಯೋಕೆ ನಾನಿದ್ದೀನಲ್ಲ ಅಪ್ಪ."

"ನಾನು," ಎಂದರು ಹಯವದನರು.

ಹೋದ ವರ್ಷ ಪಾರ್ಶ್ವವಾಯು ಬಡಿದಾಗಿನಿಂದ ಅವರ ಮಾತು ಇಂಥ ಒಂದೆರಡು ಶಬ್ದಕ್ಕೆ ಇಳಿದಿತ್ತು. ಬಲಗೈ ಬಿದ್ದುಹೋಗಿತ್ತು. ಓದುವುದು ಅಷ್ಟಿಷ್ಟು ಉಳಿದಿತ್ತು. ಬರೆಯುವುದು ಪೂರ್ತಿ ಅಳಿಸಿಹೋಗಿತ್ತು. ಬ್ಯಾಂಕಿನಲ್ಲಿ ಕೈಕೆಳಗಿನವರ ಕರಡುಗಳನ್ನು ತಿದ್ದಿ ತಿದ್ದಿ ವಾಪಸು ಕಳಿಸುತ್ತಿದ್ದ ಮನುಷ್ಯ.

ಹೃಷಿಕೇಶ ಅನಂತರಾಮರನ್ನು ಬಾಲ್ಕನಿಗೆ ಕರೆದು ದನಿ ತಗ್ಗಿಸಿದ. "ಅಲ್ಲಿ ಅಷ್ಟು ಜನ ಇರ್ತಾರೆ ಅಂಕಲ್. ಎಲ್ಲರೆದುರಿಗೆ ನಿಂತು ಬರೆಯೋಕಾಗದೆ ಹೋದರೆ? ಇವತ್ತೇ ಅದೂ ಆಗಬೇಕಾ ಅವರಿಗೆ?"

"ನಾ ಏನ್ ಹೇಳ್ಲಿ? ಕಸಕೊಂಡ್ರ ನೊಂದ್ಕೋತಾರ, ಬಿಟ್ರ ಕಷ್ಟ," ಎಂದರು ಅನಂತರಾಮ. "ಗಾಡಿ ಬಂತು. ನಡಿ."

*

ಗಂಡನಿಗೆ ವರ್ಗವಾಗಿ ಈ ಊರಿಗೆ ಬಂದಾಗ ಜಲಜಾಗೆ ಮೂವತ್ತು. ಕನ್ನಡ, ಇಂಗ್ಲಿಷ್ ಎರಡನ್ನೂ ಸರಾಗವಾಗಿ ಓದಬಲ್ಲವಳು ಬಸ್ಸಿನ ಗುಜರಾತಿ ಹಲಗೆಯೆದುರು ಕಣ್ಣಿದ್ದೂ ಕುರುಡಿಯಾಗಿ ನಿಂತಿದ್ದಳು. ಮಕರಪುರದ ಬಸ್ಸನ್ನು ಅದರ ಸೊಟ್ಟಗಾದ ಕನ್ನಡಿಯಿಂದ ಗುರುತು ಹಿಡಿಯುತ್ತಿದ್ದಳು. ಕನ್ನಡಿ ರಿಪೇರಿಯಾದ ದಿನ ಬೇರೆಲ್ಲೋ ಹೋಗಿ ಇಳಿದಳು.

ಮಕ್ಕಳು ಬರೆಯಲು ಕಲಿಯುವುದು ಹೇಗೆ ಎಂದು ಅಭ್ಯಾಸ ಮಾಡುವ ಒಂದು ಸಂಶೋಧನಾ ತಂಡಕ್ಕೆ ಸಹಾಯಕಿ ಬೇಕಾಗಿದ್ದಾಗ ಅವಳು ಹೋಗಿ, "ನಾನೂ ಈಗ ಅದನ್ನೇ ಕಲೀತಿದ್ದೀನಿ," ಎಂದಳು. ಕೆಲಸ ಸಿಕ್ಕಿತು. ಕಾರ್ಖಾನೆಗಳ ಹಿಂದಿನ ತಗಡಿನ ಶಾಲೆಯಲ್ಲಿ ನೆಲದ ಮೇಲೆ ಮಕ್ಕಳ ಪಕ್ಕ ಕೂರುವುದು, ಅವರು ಬರೆಯುವುದನ್ನು ನೋಡುವುದು. ಮಿಕ್ಕವರು ತಪ್ಪುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಜಲಜಾ ನೋಡುತ್ತಿದ್ದದ್ದು ಮಗು ಎಲ್ಲಿ ತಡೆದು ನಿಲ್ಲುತ್ತದೆ ಎಂದು. ಪೆನ್ಸಿಲು ಗಾಳಿಯಲ್ಲಿ ನಿಂತ ಆ ಹೊತ್ತಿನಲ್ಲೇ ಕಲಿಕೆ ನಡೆಯುವುದು, ಆಗ ದೊಡ್ಡವರ ಕೈ ಅಡ್ಡ ಬರಬಾರದು ಎನ್ನುವುದು ಅವಳ ಎಣಿಕೆ. ಕೈ ಸುಮ್ಮನಿರದು ಎಂದು ತಿಳಿದಿದ್ದರಿಂದ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಿದ್ದಳು.

*

ಸ್ಮಶಾನದಲ್ಲಿ ಗ್ಯಾಸಿನ ಕುಲುಮೆಯ ಬಾಗಿಲು ಮುಚ್ಚಿದ ಮೇಲೆ ಕಾಯುವುದಷ್ಟೇ ಉಳಿಯಿತು. ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಹಯವದನರು ಮುಷ್ಟಿ ಬಿಗಿದು ಕೂತಿದ್ದರು. ಅವರ ಪಕ್ಕದಲ್ಲಿ ನಯನಾಬೆನ್. ಜಲಜಾ ಜೊತೆ ಅದೇ ತಂಡದಲ್ಲಿ ಕೊನೆಯವರೆಗೂ ಕೆಲಸ ಮಾಡಿದವರು.

"ಶಾಲೆಯಲ್ಲಿ ನಿನ್ನಮ್ಮನಿಗೆ ಏನು ಹೆಸರಿಟ್ಟಿದ್ದರು ಗೊತ್ತಾ?" ನಯನಾಬೆನ್ ಗುಜರಾತಿಯಲ್ಲಿ ಹೃಷಿಕೇಶನನ್ನು ಕೇಳಿದರು. "ಉತಾವಳ ನಥೀ ಬೆನ್. ಅವಸರವಿಲ್ಲದ ಅಕ್ಕ! ದಿನಕ್ಕೆ ನೂರು ಸಲ ಅದನ್ನೇ ಹೇಳುತ್ತಿದ್ದಳು. ಊಟದ ಡಬ್ಬಿ ತೆಗೆಯುವಾಗ ಮಾತ್ರ ಅವಳಷ್ಟು ಅವಸರ ಯಾರಿಗೂ ಇರಲಿಲ್ಲ."

ಅನಂತರಾಮ ನಕ್ಕುಬಿಟ್ಟು, ಸುತ್ತ ನೋಡಿ ಕೆಮ್ಮಿದರು.

"ನನಗೂ ಹಾಗೇ ಮಾಡೋರು," ಎಂದ ಹೃಷಿಕೇಶ. ಅವನಿಗೂ ಗುಜರಾತಿಯೇ ಸಲೀಸು. "ಎರಡನೇ ಕ್ಲಾಸಿನಲ್ಲಿ ನನ್ನ ತಾಯಿ ಅಂತ ಐದು ವಾಕ್ಯ ಬರೆದು ತರಬೇಕಿತ್ತು. ಬೇರೆ ಹುಡುಗರಿಗೆಲ್ಲ ಅಮ್ಮಂದಿರೇ ಬರೆದುಕೊಟ್ಟಿದ್ದರು. ಇವರು ಎದುರಿಗೆ ಕೈ ಹಿಂದೆ ಕಟ್ಟಿಕೊಂಡು ಕೂತರು. ಮೂರನೇ ವಾಕ್ಯಕ್ಕೆ ನಿಂತುಬಿಟ್ಟೆ. ಅತ್ತುಬಿಟ್ಟೆ. ಒಂದು ಶಬ್ದ ಹೇಳಿಕೊಡಿ ಅಂದರೆ ಹೇಳಲಿಲ್ಲ. ಮಾರನೇ ದಿನ ಟೀಚರು ಹಾಳೆ ತುಂಬ ಕೆಂಪು ಗೀಟು ಎಳೆದರು."

"ಮೂರನೇ ವಾಕ್ಯ ಬರೆದೆಯಾ?"

"ಬರೆದೆ."

"ಏನಂತ?"

ಹೃಷಿಕೇಶ ಕುಲುಮೆಯ ಕಡೆ ನೋಡಿದ. "ನನ್ನ ತಾಯಿ ಸಹಾಯ ಮಾಡುವುದಿಲ್ಲ, ಅಂತ."

ನಯನಾಬೆನ್ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ. "ಹೇಳಿದ್ದಳು," ಎಂದರು ಆಮೇಲೆ. "ಇಡೀ ಕ್ಲಾಸಿನಲ್ಲಿ ಮಗುವೇ ಬರೆದ ವಾಕ್ಯ ಅದೊಂದೇ ಅಂತ ನಮಗೆಲ್ಲ ಪೇಡಾ ಹಂಚಿದ್ದಳು."

*

ಆಸ್ಪತ್ರೆಯಿಂದ ಗಂಡನನ್ನು ಕರೆತಂದ ವಾರದಲ್ಲೇ ಜಲಜಾ ಕರಿಹಲಗೆಯೊಂದನ್ನು ಊಟದ ಮೇಜಿಗೆ ಒರಗಿಸಿಟ್ಟಿದ್ದಳು. ಮೊದಲ ದಿನ ಹಯವದನರು ಸೀಮೆಸುಣ್ಣವನ್ನು ಎಸೆದರು. ಎರಡನೆಯ ದಿನವೂ ಎಸೆದರು.

"ಎಸೀರಿ, ಪರವಾಗಿಲ್ಲ. ಎಡಗೈಗೆ ಅಷ್ಟಾದರೂ ಕೆಲಸ ಬಂತಲ್ಲ," ಎಂದಳು ಜಲಜಾ, ಬಗ್ಗಿ ಹೆಕ್ಕುತ್ತ.

ಏನು ಬರೆಯಬೇಕೆಂದಿದ್ದೀರಿ ಎಂದಾಗ ಅವರು ಅವಳೆಡೆಗೆ ಬೆರಳು ಮಾಡಿದರು.

"ನನ್ನ ಹೆಸರಾ? ನಲವತ್ತೈದು ವರ್ಷ 'ಏ, ಇಲ್ನೋಡು' ಅಂತ ಕರೆದವರಿಗೆ ಈಗ ಹೆಸರು ಬೇಕಾಯ್ತು!"

ಅವರು ಹಲಗೆ ತೋರಿಸಿ, ನೀನು ಬರೆ, ನಾನು ನೋಡಿ ಬರೆಯುತ್ತೇನೆ ಎಂದು ಸನ್ನೆ ಮಾಡಿದರು.

"ಊಹೂಂ. ನೋಡಿ ಗೀಚಿದರೆ ಅದು ಚಿತ್ರ ಅಷ್ಟೆ. ಒಳಗಿಂದ ಬರಲಿ. ನಾನೆಲ್ಲಿಗೆ ಹೋಗ್ತೀನಿ?"

ಕೈಗಳು ಬೆನ್ನ ಹಿಂದೆ ಹೋದವು. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಮೊದಲ ಅಕ್ಷರ ಬಂತು. ಉತ್ತರಾಯಣದ ಗಾಳಿಪಟಗಳು ತಂತಿಗಳಲ್ಲಿ ಹರಿದು ಜೋತಾಡುತ್ತಿದ್ದಾಗಲೂ ಎರಡನೆಯದು ಬಂದಿರಲಿಲ್ಲ. ಮೊನ್ನೆ ಸಂಜೆ ಬಂತು. ಅದರಾಚೆ ಸೀಮೆಸುಣ್ಣ ಗಾಳಿಯಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು. ಜಲಜಾ ಅವರ ಹಣೆಯ ಬೆವರನ್ನು ನೋಡಿ, "ಇವತ್ತಿಗೆ ಇಷ್ಟು ಸಾಕು. ಉಳಿದದ್ದು ನಾಳೆ," ಎಂದು ದೀಪ ಆರಿಸಿದ್ದಳು.

*

ಸ್ಮಶಾನದ ನೌಕರ ಅಸ್ಥಿ ತುಂಬಿದ ಮಡಕೆ ತಂದು ಕಟ್ಟೆಯ ಮೇಲಿಟ್ಟ. ಬಾಯಿಗೆ ಕೆಂಪು ಬಟ್ಟೆ ಕಟ್ಟಿತ್ತು. ಚಾಣೋದಿಗೆ ಒಯ್ದು ನರ್ಮದೆಯಲ್ಲಿ ಬಿಡುವವರೆಗೆ ಅದು ಗೋಡೆಯ ಗೂಡಿನಲ್ಲಿರಬೇಕು. ಅಲ್ಲಿ ಆಗಲೇ ಸಾಲು ಮಡಕೆಗಳಿದ್ದವು, ಮೇಲೆಲ್ಲ ಬಿಳಿ ಗುಜರಾತಿ ಅಕ್ಷರ.

"ನಾಮ ಲಖೋ," ಹೆಸರು ಬರೆಯಿರಿ, ಎಂದ ನೌಕರ.

ಹಯವದನರು ಎದ್ದರು. ಹೃಷಿಕೇಶ ಮೊಬೈಲಿನಲ್ಲಿ ಕನ್ನಡದ ಮೂರು ಅಕ್ಷರ ದೊಡ್ಡದಾಗಿ ಮೂಡಿಸಿ ತಂದೆಯ ಮುಂದೆ ಹಿಡಿದ. "ನೋಡಿಕೊಂಡು ಬರೀರಿ ಅಪ್ಪ. ಸುಲಭ ಆಗತ್ತೆ."

"ಬೇಡ."

ಮೊದಲ ಅಕ್ಷರ ಬೇಗ ಬಂತು. ಎರಡನೆಯದಕ್ಕೆ ಸೀಮೆಸುಣ್ಣ ಮಡಕೆಯ ಉಬ್ಬಿನಲ್ಲಿ ಜಾರಿತು. ಅಂಗೈಯಿಂದ ಒರೆಸಿ ಮತ್ತೆ ಬರೆದರು. ಅದರಾಚೆ ಕೈ ಗಾಳಿಯಲ್ಲಿ ನಿಂತಿತು.

ಹಿಂದೆ ಇನ್ನೊಂದು ಮನೆಯವರು ತಮ್ಮ ಮಡಕೆಗಾಗಿ ಬಂದು ನಿಂತರು. ಯಾರದೋ ಮೊಬೈಲು ಬಡಿದುಕೊಂಡು ನಿಂತಿತು. "ಇದು ಯಾವ ಭಾಷೆ? ಗುಜರಾತಿಯಲ್ಲಿ ಬರೆದರೆ ಗುರುತು ಹಿಡಿಯೋದು ಸುಲಭ," ಎಂದು ನೌಕರ ಗೊಣಗಿ, ಮತ್ತೆ ತಾನೇ, "ಇರಲಿ ಬಿಡಿ. ಇಂಥದ್ದು ಇಲ್ಲಿ ಇನ್ನೊಂದಿಲ್ಲ, ಅದಲುಬದಲಾಗಲ್ಲ," ಎಂದ.

ಹಯವದನರ ತುಟಿ ಅಲುಗುತ್ತಿತ್ತು.

"ಕೈ ಹಿಡಿದು ಬರಸಿಬಿಡಪಾ," ಅನಂತರಾಮ ಪಿಸುಗುಟ್ಟಿದರು. "ಜನ ಕಾಯಾಕತ್ಯಾರ."

ಹೃಷಿಕೇಶ ತಂದೆಯ ಮಣಿಕಟ್ಟಿನವರೆಗೆ ಕೈ ಚಾಚಿದ.

"ಉತಾವಳ ನಥೀ, ಕಾಕಾ," ಎಂದರು ನಯನಾಬೆನ್, ಹಯವದನರಿಗೆ. ಅವರ ಎರಡೂ ಕೈ ಬೆನ್ನ ಹಿಂದಿದ್ದವು.

ಚಾಚಿದ ಕೈಯನ್ನು ಹೃಷಿಕೇಶ ಹಾಗೇ ಒಂದು ಗಳಿಗೆ ಹಿಡಿದ. ಆಮೇಲೆ ಹಿಂದಕ್ಕೆ ಎಳೆದುಕೊಂಡ. ಅದು ಸುಮ್ಮನಿರಲಿಲ್ಲ. ಬೆನ್ನ ಹಿಂದೆ ಒಯ್ದು, ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

ಬೇವಿನ ಎಲೆಯೊಂದು ಮಡಕೆಯ ಬಟ್ಟೆಯ ಮೇಲೆ ಬಿತ್ತು. ಯಾರೂ ತೆಗೆಯಲಿಲ್ಲ.

ಸೀಮೆಸುಣ್ಣ ಮಡಕೆಗೆ ತಾಕಿತು. ಮೂರನೆಯ ಅಕ್ಷರ ಮೊದಲೆರಡಕ್ಕಿಂತ ದೊಡ್ಡದಾಗಿ, ಓರೆಯಾಗಿ ಬಂತು. ಕೊನೆಯ ಗೆರೆಯನ್ನು ಹಯವದನರು ನಿಲ್ಲಿಸಲಿಲ್ಲ. ಅದು ಮಡಕೆಯ ಹೊಟ್ಟೆ ಬಳಸಿ ಆಚೆ ಬದಿಗೆ ಹೊರಳಿತು.

ನೌಕರ ಮಡಕೆಯನ್ನು ಜೋಪಾನವಾಗಿ ಎತ್ತಿ ಮಗನತ್ತ ನೀಡಿದ. "ತಗೊಳ್ಳಿ ಭಾಈ, ಗೂಡಿನಲ್ಲಿ ನೀವೇ ಇಡಿ."

ಮತ್ತೊಮ್ಮೆ ಹೇಳಿದ.

ಹೃಷಿಕೇಶನ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.