ಸಾಹೇಬರು ಬರುವ ತನಕ ಉಪವಾಸ

ಮೀನುಮರಿಗಳ ತೊಟ್ಟಿ ನೋಡಿಕೊಳ್ಳುವ ಮೇಸ್ತ್ರಿಗೆ ಒಂದೇ ನಿಯಮವಿತ್ತು: ಮೇವು ಸ್ವಲ್ಪ ಸ್ವಲ್ಪವೇ ಹಾಕಬೇಕು, ಹಸಿವು ಹುಟ್ಟುವ ಮೊದಲೇ ಹಾಕಬೇಕು. ಸಮುದ್ರದ ಈ ಜಾತಿ ಹಸಿದರೆ ಪಕ್ಕದಲ್ಲಿರುವ ತಮ್ಮನನ್ನೇ ನುಂಗುತ್ತದೆ. ಹಿಂದೆ ಹಾಗೆಯೇ ತೊಟ್ಟಿ ಖಾಲಿಯಾಗಿ ಅವನು ಬೈಸಿಕೊಂಡಿದ್ದ. ಈ ಸಲದ ಮರಿಗಳು ಬೆರಳುದ್ದ ಬೆಳೆದು, ಕಡಲಿನ ಬಲೆಪಂಜರಕ್ಕೆ ಹೋಗಲು ತಯಾರಾಗಿದ್ದವು.

"ನನ್ನ ಊಟ ಆಯ್ತಾ ಅಂತ ಒಂದು ದಿನ ಕೇಳಿಲ್ಲ, ಅವುಗಳದ್ದು ಕನಸಲ್ಲೂ ಕೇಳ್ತೀರಿ," ಎಂದು ಹೆಂಡತಿ ಹಂಗಿಸುತ್ತಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ.

ಮರಿ ಸಾಕುವ ಆ ಕೇಂದ್ರ ನೋಡಲು ದೊಡ್ಡ ಸಾಹೇಬರು ಬರುತ್ತಾರೆಂದು ತಿಳಿದದ್ದೇ ತಡ, ಮ್ಯಾನೇಜರ್ ಕಾಲಿಗೆ ಚಕ್ರ ಕಟ್ಟಿಕೊಂಡರು. ಗೋಡೆಗೆ ಬಣ್ಣ ಬಂತು, ಕೊಳಾಯಿಗೆ ಹೊಳಪು ಬಂತು. ಆಮೇಲೆ ಮೀನಿನ ಸರದಿ.

"ಸಾಹೇಬ್ರು ಮೇವು ಎಸೆದ ಕೂಡ್ಲೆ ನೀರು ಕುದೀಬೇಕು, ಮರಿಗಳು ನೆಗೀಬೇಕು. ಹೊಟ್ಟೆ ತುಂಬಿದ್ರೆ ಯಾರು ನೆಗೀತಾರೆ? ಸಂಜೆ ಅವ್ರು ಬರೋ ತನಕ ಮೇವು ಬಂದ್."

"ಹಸಿದ್ರೆ ಒಂದನ್ನೊಂದು ತಿಂತಾವೆ ಸರ್."

"ಒಂದು ಹೊತ್ತು ತಾನೆ? ತಾಳಿದವನು ಬಾಳಿಯಾನು."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂತು. ನೌಕರಿ ನೆನಪಾಗಿ ನುಂಗಿಕೊಂಡ.

ಸಾಹೇಬರು ಅಂದು ಬರಲಿಲ್ಲ. ಮರುದಿನ ಅವರಿಗೆ ಸಭೆ. ಅದರ ಮರುದಿನ ನೆಗಡಿ. ಮೇವಿನ ಕೋಣೆಯ ಬೀಗದ ಕೈ ಮಾತ್ರ ಮ್ಯಾನೇಜರರ ಜೇಬಿನಿಂದ ಹೊರಬರಲಿಲ್ಲ. ಮೇಸ್ತ್ರಿಯ ನೆರಳು ಕಂಡರೆ ಸಾಕು, ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಹಾಗೆ ಬರುವವು ದಿನೇ ದಿನೇ ಕಡಿಮೆಯಾದವು. ಒಂದರ ಬಾಯಿಂದ ಇನ್ನೊಂದರ ಬಾಲ ಇಣುಕುವುದನ್ನು ನೋಡಿದ ದಿನ ಅವನಿಗೆ ಅನ್ನ ಸೇರಲಿಲ್ಲ. ಬೀಗ ಒಡೆಯಲು ಕಲ್ಲು ಎತ್ತಿದವನು, ಹೆಂಡತಿ ಮಕ್ಕಳ ಮುಖ ನೆನಪಾಗಿ ಕೆಳಗಿಟ್ಟ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಕೊನೆಗೂ ಸಾಹೇಬರು ಬಂದರು. ಕೈಗವಸು ತೊಟ್ಟು ಬೊಗಸೆ ತುಂಬ ಮೇವು ಎಸೆದರು. ನೀರು ಮಿಸುಕಲಿಲ್ಲ. ತಳದಲ್ಲಿ ಹೊಟ್ಟೆ ಉಬ್ಬಿದ ಕೆಲವೇ ಮರಿಗಳು, ಮದುವೆಯೂಟ ಮುಗಿಸಿದ ಬೀಗರಂತೆ, ಕದಲದೆ ಬಿದ್ದಿದ್ದವು. ಮ್ಯಾನೇಜರರ ಮುಖ ಸುಣ್ಣ ಬಳಿದಂತಾಯಿತು.

ಸಾಹೇಬರು ಬಹಳ ಹೊತ್ತು ನೋಡಿ ತಲೆದೂಗಿದರು.

"ಬೇರೆ ಕಡೆಯೆಲ್ಲ ಮೇವು ಕಂಡ್ರೆ ಮುಗಿಬೀಳ್ತಾವೆ, ಹುಟ್ಟಾ ಊಟ ಕಾಣದವರ ಥರ. ಇಲ್ಲಿ ಎಷ್ಟು ತೃಪ್ತಿ, ಎಷ್ಟು ಶಿಸ್ತು. ಜಾಗಾನೂ ಧಾರಾಳವಾಗಿದೆ. ಮೇವು ಎಷ್ಟು ಕೊಡ್ತೀರಿ?"

"ಏನೂ ಕೊಡಲ್ಲ ಸರ್," ಎಂದ ಮೇಸ್ತ್ರಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಮ್ಯಾನೇಜರರ ಮೇಲೆ ಸೇಡು ತೀರಿಸಿಕೊಂಡೆ ಎಂದುಕೊಂಡ.

ಸಾಹೇಬರ ಕಣ್ಣು ಅರಳಿತು. "ಕೇಳಿದ್ರಾ? ಎಲ್ಲಾ ತೊಟ್ಟಿಗೂ ಇದೇ ಪದ್ಧತಿ ತನ್ನಿ. ಇವರೇ ಮುಂದೆ ನಿಂತು ಮಾಡ್ಲಿ."

ಮ್ಯಾನೇಜರ್ ಮೇಸ್ತ್ರಿಯ ಬೆನ್ನು ತಟ್ಟಿದರು. ಪಕ್ಕದ ತೊಟ್ಟಿಗೆ ಅಂದು ಬೆಳಿಗ್ಗೆಯಷ್ಟೇ ತಂದು ಬಿಟ್ಟಿದ್ದ ಸಣ್ಣ ಮರಿಗಳು, ಮನುಷ್ಯರ ನೆರಳು ಕಂಡು ಮೇಲೆ ಬಂದಿದ್ದವು. ಎಲ್ಲರೂ ಅವನ ಉತ್ತರಕ್ಕೆ ಕಾದಿದ್ದರು.

"ಆಗ್ಲಿ ಸರ್," ಎಂದ ಮೇಸ್ತ್ರಿ.